ಹಕ್ಕಿಯ ಬಾಲಕ್ಕೆ ಕಟ್ಟಿದ ಹೆಸರು

ಒಬ್ಬ ಸಾಹೇಬ ಒಂದು ಹಕ್ಕಿಯನ್ನು ಗುಂಡಿಟ್ಟು ಕೊಂದ. ಚರ್ಮ ಸುಲಿಸಿ, ಒಳಗೆ ಹತ್ತಿ ತುಂಬಿಸಿ, ಕಾಲಿಗೆ ಚೀಟಿ ಕಟ್ಟಿಸಿ, ಹಡಗಿನಲ್ಲಿ ತನ್ನ ದೇಶಕ್ಕೆ ಕಳಿಸಿದ. ಆಮೇಲೆ ಅದಕ್ಕೆ ಒಬ್ಬ ಹೆಂಗಸಿನ ಹೆಸರಿಟ್ಟ. ಇದು ಪ್ರೀತಿಯ ಕಾಣಿಕೆಯಂತೆ. ಸತ್ತ ಹಕ್ಕಿಯನ್ನು ತಂದು ಕಾಲಬುಡದಲ್ಲಿಟ್ಟು ಪ್ರೀತಿ ತೋರಿಸುವುದು ನಮ್ಮ ಕಟ್ಟಡದ ಬೆಕ್ಕಿಗೂ ಗೊತ್ತು. ಬೆಕ್ಕು ಅದನ್ನು ಲ್ಯಾಟಿನ್ನಿನಲ್ಲಿ ಬರೆದು ಅಚ್ಚು ಹಾಕಿಸುವುದಿಲ್ಲ, ಅಷ್ಟೇ.

ಆ ಹಕ್ಕಿ ಯಾವುದೆಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಆ ಹೆಂಗಸಿನ ಹೆಸರನ್ನೂ ಹೇಳಿದಂತಾಗುತ್ತದೆ, ಮತ್ತು ಆ ಹೆಸರು ಈಗ ಇನ್ನೊಬ್ಬರ ವಶದಲ್ಲಿದೆ. ಚಿಕ್ಕ ಹಕ್ಕಿ, ಕಂದು ಬಣ್ಣ, ಚಳಿಗಾಲದಲ್ಲಿ ಪುಣೆಯ ಗುಡ್ಡಗಳ ಕುರುಚಲಿಗೆ ಬರುತ್ತದೆ, ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಇಷ್ಟು ಸಾಕು.

ಹಕ್ಕಿಗಳ ಶಾಸ್ತ್ರೀಯ ಹೆಸರಿನಲ್ಲಿ ಎರಡು ಪದಗಳಿರುತ್ತವೆ. ಮೊದಲನೆಯದು ಮನೆತನದ್ದು ಅನ್ನಿ, ಎರಡನೆಯದು ಹಕ್ಕಿಯ ಸ್ವಂತದ್ದು. ಸ್ವಂತದ್ದು ಎನ್ನುವ ಆ ಜಾಗದಲ್ಲಿ ಎಷ್ಟೋ ಸಲ ಯಾರೋ ಮನುಷ್ಯ ಬಂದು ಕೂತಿರುತ್ತಾನೆ. ಹೀಗೆ ಕೂತು ಮರೆತುಹೋದವರನ್ನೆಲ್ಲ ಹುಡುಕಿ ಕನ್ನಡದಲ್ಲಿ ಒಂದು ಪುಸ್ತಕ ಮಾಡುತ್ತೇನೆಂದು ನಾನು ಕೆಲವು ವರ್ಷಗಳಿಂದ ಓಡಾಡುತ್ತಿದ್ದೇನೆ. ಗಂಡಸರನ್ನು ಹುಡುಕುವುದು ಸುಲಭ. ಮೇಜರು, ಡಾಕ್ಟರು, ಕಂದಾಯದ ಅಧಿಕಾರಿ. ಹುಟ್ಟಿದ್ದೆಲ್ಲಿ, ಸತ್ತದ್ದೆಲ್ಲಿ, ಯಾವ ಪದಕ, ಯಾವ ಊರಲ್ಲಿ ಆಮಶಂಕೆ, ಎಲ್ಲವನ್ನೂ ಯಾರೋ ಒಬ್ಬರು ಬರೆದಿಟ್ಟಿರುತ್ತಾರೆ. ಹೆಂಗಸರದು ಬರಿಯ ಹೆಸರು. ಅದೂ ಅರ್ಧ. ಅವಳ ಮನೆತನ ಓದುವವರಿಗೆ ಗೊತ್ತೇ ಇರುತ್ತದೆ ಎಂದುಕೊಂಡು ಬರೆದದ್ದು. ಆ ಓದುವವರು ಸತ್ತರು, ಗೊತ್ತಿದ್ದದ್ದೂ ಅವರೊಂದಿಗೆ ಹೋಯಿತು.

ನನ್ನ ಸಾಹೇಬ ಆ ಹಕ್ಕಿಯ ಕೊಕ್ಕಿನ ಬಗ್ಗೆ ಪುಟಗಟ್ಟಲೆ ಬರೆದಿದ್ದಾನೆ. ಹೆಂಗಸು ಯಾರು ಎಂಬುದಕ್ಕೆ ಒಂದು ಸಾಲೂ ಇಲ್ಲ. ನಂತರ ಬಂದ ಒಬ್ಬ ವಿದ್ವಾಂಸ ಅವಳನ್ನು ಸಾಹೇಬನ ಹೆಂಡತಿ ಎಂದ. ಇನ್ನೊಬ್ಬ ತಂಗಿ ಎಂದ. ಮೂರನೆಯವನು, ಇವನು ಎಲ್ಲರಿಗಿಂತ ಕರುಣಾಮಯಿ, ಚಿಕ್ಕಂದಿನಲ್ಲೇ ತೀರಿಕೊಂಡ ಮಗಳು ಎಂದ. ಮೂವರ ಬಳಿಯೂ ಆಧಾರವಿಲ್ಲ. ಸಾಹೇಬನಿಗೆ ಮದುವೆಯೇ ಆಗಿರಲಿಲ್ಲ ಎಂದು ದೂರದ ದೇಶದ ಒಬ್ಬ ಗ್ರಂಥಪಾಲಕಿ ನನಗೆ ಇಮೇಲ್ ಬರೆದಳು. ಅಲ್ಲಿಗೆ ಹೆಂಡತಿ ಹೋದಳು, ಮಗಳು ಸಂಕೋಚದಿಂದ ಹಿಂದೆ ಸರಿದಳು. ಹೆಸರು ಮಾತ್ರ ಹಕ್ಕಿಯ ಬಾಲಕ್ಕೆ ಕಟ್ಟಿಕೊಂಡು ಇನ್ನೂ ಹಾರುತ್ತಿದೆ.

ಈ ಕೆಲಸಕ್ಕೆ ಸಹಾಯವಾದೀತೆಂದು ನಾನು ಪುಣೆಯ ವಿಮಾನ ನಗರದ ಒಂದು ಹಕ್ಕಿ ನೋಡುವವರ ಗುಂಪನ್ನು ಸೇರಿದ್ದೆ. ಸಹಾಯವೇನೂ ಆಗಲಿಲ್ಲ. ಭಾನುವಾರ ಬೆಳಗ್ಗೆ ಅವರು ಒರಳುಕಲ್ಲಿನಂಥ ಲೆನ್ಸುಗಳನ್ನು ಹೊತ್ತು ಗುಡ್ಡ ಹತ್ತುತ್ತಾರೆ, ಹಕ್ಕಿಯ ಫೋಟೊ ತೆಗೆಯುತ್ತಾರೆ, ಆಮೇಲೆ ತಲೆ ಬಗ್ಗಿಸಿ ಆ ಫೋಟೊ ನೋಡುತ್ತಾರೆ. ಹಕ್ಕಿ ಅಲ್ಲೇ ಎದುರಿಗೆ ಕೂತಿರುತ್ತದೆ. ಗುಂಪಿನ ಅಧ್ಯಕ್ಷ ಯಾವುದೋ ದೊಡ್ಡ ಕಚೇರಿಯ ದೊಡ್ಡ ಅಧಿಕಾರಿ. ಸಾಹೇಬರ ಹೆಸರುಗಳನ್ನೆಲ್ಲ ಕಿತ್ತೊಗೆದು ನಮ್ಮ ಹೆಸರುಗಳನ್ನು ಇಡಬೇಕು ಎಂದು ಅವನಿಗೆ ಎಲ್ಲಿಂದಲೋ ಗಾಳಿ ಹೊಡೆದಿತ್ತು. ಒಂದು ಭಾನುವಾರ ನಾನು ಆ ಕಂದು ಹಕ್ಕಿಯ ಹೆಂಗಸಿನ ವಿಷಯ ತೆಗೆದೆ. ಆ ಬಾಯಿ, ಅಂದರೆ ಆ ಹೆಂಗಸು, ಯಾರೆಂದು ಯಾರಿಗೂ ಗೊತ್ತಿಲ್ಲ ತಾನೆ, ಮೊದಲು ಅವಳನ್ನೇ ತೆಗೆಯೋಣ ಎಂದು ಅಧ್ಯಕ್ಷ ಮರಾಠಿಯಲ್ಲಿ ತೀರ್ಪು ಕೊಟ್ಟ. ಬದಲಿಗೆ ಯಾವ ಹೆಸರು ಎಂದು ಯಾರೋ ಕೇಳಿದರು. ಅಧ್ಯಕ್ಷ ನಾಚಿಕೊಂಡ. ಅವನಿಗೆ ಹೊಸದಾಗಿ ಮೊಮ್ಮಗಳು ಹುಟ್ಟಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಾಹೇಬನೂ ಹೀಗೇ ನಾಚಿಕೊಂಡಿರಬೇಕು.

ಗುಡ್ಡ ಇಳಿದ ಮೇಲೆ ನಾನು ಹೋಗುತ್ತಿದ್ದದ್ದು ಕಾಕುವಿನ ಮನೆಗೆ. ಕಾಕು ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಹುಟ್ಟಿದ್ದು ಧಾರವಾಡದ ಕಡೆ, ಹದಿಹರೆಯ ಮುಗಿಯುವ ಮೊದಲೇ ಮದುವೆಯಾಗಿ ಪುಣೆಗೆ ಬಂದವಳು. ಕಾಕಾ ತೀರಿಕೊಂಡು ಬಹಳ ದಿನಗಳಾದವು. ಕಾಕು ಈಗ ಮಗನೊಂದಿಗೆ ವಿಮಾನ ನಗರದ ಎತ್ತರದ ಕಟ್ಟಡವೊಂದರಲ್ಲಿ ಇದ್ದಾಳೆ. ಅಲ್ಲಿ ವಿಮಾನಗಳು ತಲೆಯ ಮೇಲೇ ಇಳಿಯುತ್ತವೆ. ಆ ಮನೆಯವರಿಗೆ ಒಂದು ಅಭ್ಯಾಸವಾಗಿದೆ: ಮಾತಿನ ನಡುವೆ ವಿಮಾನ ಬಂದರೆ ಬಾಯಿ ಮುಚ್ಚಿ ಕೂರುತ್ತಾರೆ, ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ. ಜಗಳಗಳನ್ನೂ ಹೀಗೇ ಆಡುತ್ತಾರೆ.

ಅಧ್ಯಕ್ಷನ ಮೊಮ್ಮಗಳ ಕತೆಯನ್ನು ನಾನು ಕಾಕುವಿಗೆ ನಗಲಿಕ್ಕೆಂದು ಹೇಳಿದೆ. ಕಾಕು ಅವಲಕ್ಕಿಗೆ ಕೊಬ್ಬರಿ ಉದುರಿಸುತ್ತಿದ್ದಳು. ನಗಲಿಲ್ಲ.

"ಅಂವಾ ಹೆಸರಿಟ್ಟಾಂವ, ಆ ಸಾಹೇಬ, ಅಕಿನ್ನ ಒಂದ ಮಾತು ಕೇಳಿದ್ನೇನು?" ಎಂದಳು.

ಗೊತ್ತಿಲ್ಲ ಎಂದೆ. ಹೆಸರೇನು ಎಂದು ಕೇಳಿದಳು. ಹೇಳಿದೆ. ಮೂರೇ ಅಕ್ಷರ. ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ಹೊಸ ಅಡುಗೆಯ ಉಪ್ಪು ನೋಡುವವಳ ಹಾಗೆ ತಾನೂ ಒಂದೆರಡು ಸಲ ಅಂದು ನೋಡಿದಳು. ಆಮೇಲೆ ತನ್ನ ಮದುವೆಯ ಮಾತು ತೆಗೆದಳು.

ನಮ್ಮ ಕಡೆ, ಮಹಾರಾಷ್ಟ್ರದ ಕಡೆಯೂ, ಮದುವೆಯಾದ ಹುಡುಗಿಯ ಅಡ್ಡಹೆಸರು ಮಾತ್ರವಲ್ಲ, ಹುಟ್ಟಿದ ಹೆಸರನ್ನೂ ಬದಲಿಸುವ ಪದ್ಧತಿ. ತಾಟಿನಲ್ಲಿ ಅಕ್ಕಿ ಹರವುತ್ತಾರೆ. ಗಂಡ ಬಂಗಾರದ ಉಂಗುರ ಹಿಡಿದು ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ಎಲ್ಲರಿಗೂ ಪೇಢೆ ಹಂಚುತ್ತಾರೆ. ಅಲ್ಲಿಗೆ ಮುಗಿಯಿತು, ಒಳಗೆ ಬಂದ ಹುಡುಗಿ ಒಬ್ಬಳು, ಹೊರಗೆ ಹೋಗುವ ಹೆಂಗಸು ಇನ್ನೊಬ್ಬಳು. ಕಾಕಾ ತಾಟನ್ನು ತನ್ನ ಕಡೆ ಇಟ್ಟುಕೊಂಡು ಬರೆದನಂತೆ. ಎದುರಿಗೆ ಕೂತಿದ್ದ ಇವಳಿಗೆ ಅಕ್ಷರಗಳೆಲ್ಲ ತಲೆಕೆಳಗು.

"ಏನ ಬರದಾನ ಅಂತ ನಂಗ ಓದಲಿಕ್ಕೇ ಬರಲಿಲ್ಲ," ಎಂದಳು. "ಮಂದಿ ಕೂಗಿದ ಮ್ಯಾಲ ಗೊತ್ತಾತು. ಮರುದಿನ ಆ ಅಕ್ಕಿನs ಅನ್ನಾ ಮಾಡಿದ್ರು. ಹೊಸಾ ಹೆಸರು ಎಲ್ಲಾರೂ ಕೂಡಿ ಉಂಡ್ರು ತಮ್ಮಾ. ಹಳೇದು ಎಲ್ಲಿ ಹೋತು ಅಂತ ಯಾರೂ ಕೇಳಲಿಲ್ಲ."

ಹಳೆಯದು ಯಾವುದಿತ್ತು ಎಂದು ನಾನು ಕೇಳಿದೆ. ಆ ದಿನ ಅವಳು ಒಂದು ನದಿಯ ಹೆಸರು ಹೇಳಿದಳು.

ಇದನ್ನೆಲ್ಲ ಅವಳು ಒಂದೇ ಸಲಕ್ಕೆ ಹೇಳಿದಳೇ? ಇಲ್ಲ. ಅನ್ನದ ಮಾತು ಬೇರೆ ಯಾವುದೋ ಭಾನುವಾರದ್ದು ಇರಬೇಕು. ನಾನು ಇಲ್ಲಿ ಸೇರಿಸಿ ಹೊಲಿದಿದ್ದೇನೆ. ನೆನಪಿನ ಬರಹಗಳಲ್ಲಿ ಮುದುಕಿಯರು ಹಳೆಯ ಪೆಟ್ಟಿಗೆ ತೆರೆದ ಕೂಡಲೇ ಬೇಕಾದ ವಸ್ತು ಮೇಲೆಯೇ ಸಿಗುತ್ತದೆ. ಕಾಕುವಿನ ಪೆಟ್ಟಿಗೆಯನ್ನೂ ನಾವು ತೆರೆದು ನೋಡಿದೆವು. ಅದರಲ್ಲಿ ಸ್ವೆಟರುಗಳಿದ್ದವು.

ಆ ಚಳಿಗಾಲಕ್ಕೆ ಕಾಕುವಿನ ಸಹಸ್ರಚಂದ್ರ ದರ್ಶನ ನಿಗದಿಯಾಗಿತ್ತು. ಸಾವಿರ ಹುಣ್ಣಿಮೆ ಕಂಡವರಿಗೆ ಮಕ್ಕಳು ಮಾಡುವ ಶಾಂತಿ. ಮಗ, ಅಂದರೆ ನನಗೆ ಅಣ್ಣನಾಗಬೇಕಾದವನು, ಬ್ಯಾಂಕಿನಿಂದ ನಿವೃತ್ತನಾದಾಗಿನಿಂದ ಇಂಥದೊಂದು ಕೆಲಸಕ್ಕೆ ಕಾದುಕೊಂಡಿದ್ದ. ಕಟ್ಟಡದ ಕ್ಲಬ್ ಹೌಸ್ ಕಾದಿರಿಸಿದ, ಅಡುಗೆಯವರನ್ನು ಗೊತ್ತುಮಾಡಿದ, ತಾಯಿಯನ್ನು ಬೆಲ್ಲದಲ್ಲಿ ತೂಗಲು ತಕ್ಕಡಿ ತರಿಸಿದ, ಇದಕ್ಕಾಗಿಯೇ ಒಂದು ವಾಟ್ಸಪ್ ಗುಂಪನ್ನೂ ಮಾಡಿದ. ಅದಕ್ಕೆ ಇಟ್ಟ ಚಿತ್ರ ಚಂದ್ರನದು, ಕಾಕುವಿನದಲ್ಲ.

ಕಾಕು ಅವನಲ್ಲಿ ಒಂದನ್ನೇ ಕೇಳಿದಳು. ಸೀರೆ ಬೇಡ, ತಕ್ಕಡಿ ಬೇಡ, ಪುರೋಹಿತರು ಸಂಕಲ್ಪದಲ್ಲಿ ತನ್ನ ಹುಟ್ಟಿದ ಹೆಸರನ್ನು ಹೇಳಬೇಕು. ಎಲ್ಲರ ಎದುರಿಗೆ, ಒಂದೇ ಸಲ.

ಅಣ್ಣನಿಗೆ ಇದು ಹುಚ್ಚಾಟವಾಗಿ ಕಂಡಿತು. ಕಾರ್ಡು ಛಾಪಿಸಿ ಆಗಿತ್ತು. ಅಲ್ಲದೆ ಅವನಿಗೆ ಕಾಕು ನದಿಯ ಹೆಸರು ಹೇಳಿರಲಿಲ್ಲ; ಒಬ್ಬ ದೇವಿಯ ಹೆಸರು ಹೇಳಿದ್ದಳು. ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ, ಒಳಗೆ ಕೇಳಿಸುವಷ್ಟು ಮೆಲ್ಲಗೆ ಹೇಳಿದ: "ನಿನಗೊಂದು ಹೇಳ್ಯಾಳ, ನನಗೊಂದು. ಆಯಿಗೆ ಮರವು ಬಂದದೋ. ಏನರೆ ಪ್ರೂಫ್ ಅದ ಏನು? ಇದ್ರ ತಂದು ತೋರಸು, ನಾಳೆನs ಗುರುಗೋಳಿಗೆ ಹೇಳ್ತೀನಿ."

ಬ್ಯಾಂಕಿನಲ್ಲಿ ಇಡೀ ಜೀವಮಾನ ಬೇರೆಯವರ ಸಹಿ ಹೋಲುತ್ತದೋ ಇಲ್ಲವೋ ಎಂದು ನೋಡಿದವನಿಗೆ ತಾಯಿಯೂ ಒಂದು ಸಹಿ. ಆದರೆ ಅವನ ಪ್ರಶ್ನೆ ನನ್ನದೇ ಪ್ರಶ್ನೆಯಾಗಿತ್ತು. ವಿದ್ವಾಂಸರು ಊಹಿಸಿದ ಹೆಂಡತಿ, ತಂಗಿ, ಮಗಳನ್ನೆಲ್ಲ ನಾನು ಇದೇ ಮಾತು ಹೇಳಿ ಹೊರಗೆ ಅಟ್ಟಿದ್ದೆ.

ಕಾಕು ಬಾಲ್ಕನಿಯ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು. ನಾನು ಹೊರಟಾಗ ಬಾಗಿಲವರೆಗೆ ಬಂದಳು. "ದೌಂಡಕ್ಕ ಹೋಗಿ ಬಾ," ಎಂದಳು. "ನನ್ನ ತಮ್ಮ ಇದ್ದಾನಲ್ಲಾ. ಅಂವಗ ಗೊತ್ತಿರ್ತದ."

ದೌಂಡದ ತಮ್ಮ, ನನಗೆ ಮಾಮಾ, ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅವಳಿಗಿಂತ ತುಸು ಚಿಕ್ಕವನು. ತವರಿನಲ್ಲಿ ಉಳಿದ ಒಂದೇ ಜೀವ. ನಾನು ಪುಣೆಯಿಂದ ಬೆಳಗಿನ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಕಬ್ಬು. ಕಬ್ಬಿನ ಗದ್ದೆಗಳ ಬಗ್ಗೆ ಇಲ್ಲಿ ಎರಡು ಸುಂದರ ವಾಕ್ಯ ಬರೆಯಬಹುದು. ಕಿಟಕಿಯ ಬಳಿ ಕೂತವನು ಗುಟಕಾ ಉಗುಳುತ್ತಿದ್ದುದರಿಂದ ನಾನು ಹೊರಗೆ ನೋಡಲೇ ಇಲ್ಲ.

ಮಾಮಾನಿಗೆ ಬಹಳ ಖುಷಿಯಾಯಿತು. ಚಹಾ ಕೊಡಿಸಿದ. ಯಾವ ಮಳೆಗಾಲದಲ್ಲಿ ಯಾವ ಗಾಡಿ ಎಲ್ಲಿ ಹಳಿ ತಪ್ಪಿತು, ಸೊಲ್ಲಾಪುರದ ಕಡೆ ಹೋಗುವ ಯಾವ ಗಾಡಿಗೆ ಯಾವ ಡ್ರೈವರ್ ಇದ್ದ, ಅವನ ಹೆಂಡತಿಯ ಹೆಸರೇನು, ಎಲ್ಲವನ್ನೂ ಹೇಳಿದ. ಸಾಕ್ಷಿ ಎಂದರೆ ಹೀಗಿರಬೇಕು ಎಂದುಕೊಂಡೆ. ಆಮೇಲೆ ಬಂದ ಕೆಲಸ ಹೇಳಿದೆ. ನಿಮ್ಮ ಅಕ್ಕನಿಗೆ ತವರಲ್ಲಿ ಇಟ್ಟ ಹೆಸರೇನು?

ಮಾಮಾ ಬಟ್ಟಲನ್ನು ಕೆಳಗಿಟ್ಟ. "ಅಕ್ಕನ ಹೆಸರು?"

"ಹೌದ್ರಿ."

"ಅಕ್ಕಾ."

"ಅದಲ್ಲರಿ ಮಾಮಾ. ಹುಟ್ಟಿದಾಗ ಇಟ್ಟದ್ದು."

"ಏ ಹುಚ್ಚ, ಅಕ್ಕನ್ನ ಹೆಸರು ಹಿಡದು ಯಾರರೆ ಕರೀತಾರೇನು? ಹಂಗೇನರೆ ಅಂದಿದ್ರ ನಮ್ಮಪ್ಪ ಹಲ್ಲು ಉದರಸ್ತಿದ್ದ."

ಅಷ್ಟೇ. ತನಗಿಂತ ದೊಡ್ಡವರ ಹೆಸರು ಹಿಡಿಯಬಾರದು ಎಂದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುತ್ತಾರೆ. ಮಾಮಾ ಚೆನ್ನಾಗಿ ಕಲಿತಿದ್ದ. ಹಿಡಿಯದ ಹೆಸರು ಅವನ ಕೈಗೆ ಯಾವತ್ತೂ ಬಂದಿರಲಿಲ್ಲ. ಹಾಗಾದರೆ ಅಪ್ಪ ಅವಳನ್ನು ಏನೆಂದು ಕರೆಯುತ್ತಿದ್ದ ಎಂದು ಕೇಳಿದೆ. ಹುಡುಗಿ ಎಂದು. ತಾಯಿ? ಏ ಇಕಿನ ಎಂದು. ಶಾಲೆಯಲ್ಲಿ? ಆ ಶಾಲೆ ಮುಚ್ಚಿಯೇ ಎಷ್ಟೋ ಕಾಲವಾಯಿತು, ಆ ಜಾಗದಲ್ಲಿ ಈಗ ಟಯರ್ ಅಂಗಡಿ ಇದೆ. ಲಗ್ನಪತ್ರಿಕೆಯಲ್ಲಾದರೂ ಮದುಮಗಳ ಹೆಸರಿರಬೇಕಲ್ಲ ಎಂದೆ. ಮಾಮಾ ನನ್ನನ್ನು ಕನಿಕರದಿಂದ ನೋಡಿದ. ಯಾರು ಇಟ್ಟುಕೊಂಡಿರುತ್ತಾರೆ, ಅದರಲ್ಲಿ ಚಟ್ನಿಪುಡಿ ಕಟ್ಟಿ ಯಾರಿಗೋ ಕಳಿಸಿರುತ್ತಾರೆ ಎಂದ.

ನನ್ನ ಮುಖ ಇಳಿದದ್ದು ಅವನಿಗೆ ಕಾಣಿಸಿರಬೇಕು. ಬರಿಗೈಲಿ ಕಳಿಸುವುದು ಅವನ ಸ್ವಭಾವವಲ್ಲ. ನದಿಯ ಹೆಸರು, ದೇವಿಯ ಹೆಸರು ಎರಡನ್ನೂ ಕೇಳಿಸಿಕೊಂಡು, ತೊಟ್ಟಿಲಲ್ಲಿ ಒಂದು ಇಟ್ಟಿರಬೇಕು, ಶಾಲೆಯಲ್ಲಿ ಇನ್ನೊಂದು ಬರೆಸಿರಬೇಕು ಎಂದು ಕೂತಲ್ಲೇ ಸಿದ್ಧಾಂತ ಕಟ್ಟಿದ. ಥೇಟು ವಿದ್ವಾಂಸರ ಹಾಗೆ. ನಾನು ತಲೆಯಾಡಿಸಲಿಲ್ಲ. ಆಗ ಅವನು ಇನ್ನೂ ಧಾರಾಳವಾದ.

"ನಿಮಗ ಯಾವುದು ಬೇಕು ಹೇಳು," ಎಂದ. "ನಾ ಬಂದು ಎಲ್ಲಾರ ಮುಂದ ಅದs ಅಂತೀನಿ. ಅಕ್ಕನ ಸಲುವಾಗಿ ಅಷ್ಟೂ ಮಾಡಬಾರದೇನು?"

ಸಂಜೆಯ ಗಾಡಿಯಲ್ಲಿ ವಾಪಸಾಗುವಾಗ ಇದರ ಮೇಲೆ ಬಹಳ ಯೋಚನೆ ಮಾಡಿದೆ. ಒಂದು ಸುಳ್ಳು ಸಾಕ್ಷಿ, ಒಬ್ಬ ಮುದುಕಿಯ ಸಂತೋಷ. ಪುಸ್ತಕಗಳಲ್ಲಿ ಇದನ್ನು ಮಾನವೀಯತೆ ಎನ್ನುತ್ತಾರೆ. ಆ ಮೂರನೆಯ ವಿದ್ವಾಂಸನಿಗೂ ಇಂಥದೇ ಮಾನವೀಯತೆ ಇತ್ತು. ಇಲ್ಲದ ಮಗುವನ್ನು ಹುಟ್ಟಿಸಿ, ಸಾಯಿಸಿ, ಎರಡು ಹನಿ ಕಣ್ಣೀರು ಹಾಕಿ ಮುಂದಿನ ಹಕ್ಕಿಗೆ ಹೋದ. ನದಿ ಎಂದರೆ ನಾನೇ ಅವಳಿಗೆ ಹೊಸ ಹೆಸರು ಕೊಟ್ಟಂತಾಗುತ್ತಿತ್ತು. ದೇವಿ ಎಂದರೂ ಅಷ್ಟೇ. ಅಕ್ಕಿಯ ತಾಟಿನ ಎದುರು ಈ ಸಲ ನಾನು ಉಂಗುರ ಹಿಡಿದು ಕೂರಬೇಕಿತ್ತು.

ಕಾಕುವಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ತಮ್ಮನಿಗೆ ಗೊತ್ತಿಲ್ಲ, ಅವನು ಯಾವತ್ತೂ ಆ ಹೆಸರು ಕರೆದಿಲ್ಲ. ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ವಿಮಾನ ಬಂತು. ನಾವಿಬ್ಬರೂ ಸುಮ್ಮನೆ ಕೂತೆವು. ವಿಮಾನ ಹೋಯಿತು. ಅವಳು ಬೇರೆ ಮಾತಿನಿಂದ ಶುರುಮಾಡಿದಳು ಎಂದು ನನಗೆ ಅನುಮಾನ.

"ನನಗೂ ನೆನಪಿಲ್ಲ ತಮ್ಮಾ," ಎಂದಳು. "ಒಂದೊಂದು ಹಾಕ್ಕೊಂಡು ನೋಡತಿದ್ದೆ, ಯಾವುದು ಹೊಂದ್ತದ ಅಂತ. ಅಂವನ್ನ ಎತಗೊಂಡು ತಿರಗೀನಿ ನಾ. ಅಂವಗರೆ ನೆನಪಿರ್ತದ ಅಂದಿದ್ದೆ."

ಆಗಲೇ ನನಗೆ ವಿಷಯ ತಿಳಿದದ್ದು. ದೌಂಡಕ್ಕೆ ಅವಳು ನನ್ನನ್ನು ಪುರಾವೆ ತರಲು ಕಳಿಸಿರಲಿಲ್ಲ. ಹೆಸರನ್ನೇ ತರಲು ಕಳಿಸಿದ್ದಳು. ಆ ಒಂದು ಸಂಕಲ್ಪ ಅವಳಿಗೆ ತನ್ನ ಹೆಸರನ್ನು ಮತ್ತೆ ಕೇಳಿಸಿಕೊಳ್ಳಲು ಉಳಿದಿದ್ದ ಕೊನೆಯ ಉಪಾಯ. ಬೇರೆಯವರು ಹೇಳಿದರೆ ತಾನು ಗುರುತಿಸುತ್ತೇನೆ ಎಂದುಕೊಂಡಿದ್ದಳು. ಹೇಳುವವರೇ ಇಲ್ಲ. ನಾನು ಸಮಾಧಾನ ಹೇಳಲು ಹೊರಟೆ. ಅವಳಿಗೆ ಅದು ಬೇಕಿರಲಿಲ್ಲ.

"ಆ ಹಕ್ಕಿ ಹೆಣಮಗಳದು ಪುಸ್ತಕದಾಗ ಅದಲ್ಲಾ?" ಎಂದಳು.

"ಅದ."

"ಛಾಪಿಸ್ಯಾರ?"

"ಎಲ್ಲಾ ಪುಸ್ತಕದಾಗೂ ಛಾಪಿಸ್ಯಾರ ಕಾಕು. ಜಗತ್ತಿನ ತುಂಬ."

"ಅಕಿ ಯಾರು ಅಂತ ಗೊತ್ತಿಲ್ಲ, ಹೆಸರು ಪಕ್ಕಾ. ನಾ ಯಾರು ಅಂತ ಎಲ್ಲಾರಿಗೂ ಗೊತ್ತು, ಹೆಸರಿಲ್ಲ. ನಡೀಲಿ ಬಿಡು," ಎಂದು ಎದ್ದು ಹೋಗಿ ಕುಕ್ಕರ್ ಇಟ್ಟಳು.

ಸಮಾರಂಭದ ದಿನ ಕ್ಲಬ್ ಹೌಸ್ ತುಂಬಿತ್ತು. ಗಾಜಿನ ಗೋಡೆಯ ಆಚೆ ವ್ಯಾಯಾಮಶಾಲೆ. ಕಿವಿಗೆ ತಂತಿ ಸಿಕ್ಕಿಸಿಕೊಂಡ ಒಬ್ಬ ಯುವಕ ನಿಂತಲ್ಲೇ ಓಡುತ್ತ ನಮ್ಮ ಹೋಮಕುಂಡವನ್ನು ನೋಡುತ್ತಿದ್ದ. ಬೆಲ್ಲದ ತಕ್ಕಡಿಗೆ ಚೆಂಡುಹೂ ಸುತ್ತಿದ್ದರು. ಬಂದವರೆಲ್ಲ ಕಾಕುವಿನ ಕಾಲಿಗೆ ಬಿದ್ದು, ಎದ್ದು, ಅವಳ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ತಲೆ ಬಗ್ಗಿಸಿ ಆ ಫೋಟೊ ನೋಡಿದರು. ನನಗೆ ಭಾನುವಾರದ ಗುಡ್ಡ ನೆನಪಾಯಿತು. ದೌಂಡದ ಮಾಮಾ ಬಿಳಿ ಟೋಪಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದ. ನನ್ನನ್ನು ಕಂಡವನೇ, ಯಾವುದು ಗಟ್ಟಿಮಾಡಿದಿರಿ ಎಂದು ಹುಬ್ಬಿನಲ್ಲೇ ಕೇಳಿದ. ಯಾವುದೂ ಇಲ್ಲ ಎಂದು ಕೈಯಲ್ಲೇ ಹೇಳಿದೆ.

ಪುರೋಹಿತರು ನಮ್ಮ ಕಡೆಯವರೇ. ಸ್ವಾರಗೇಟಿನ ಹತ್ತಿರದಿಂದ ಸ್ಕೂಟರಿನಲ್ಲಿ ಬಂದಿದ್ದರು, ಮಧ್ಯಾಹ್ನ ಇನ್ನೊಂದು ಕಡೆ ಗೃಹಪ್ರವೇಶ ಇತ್ತು, ಅವಸರದಲ್ಲಿದ್ದರು. ಅಣ್ಣನ ಅಂಗೈಗೆ ನೀರು ಹಾಕಿ ಸಂಕಲ್ಪ ಶುರುಮಾಡಿದರು. ದೇಶ, ಕಾಲ, ನದಿಯ ಯಾವ ದಂಡೆ, ಎಲ್ಲವೂ ಸರಾಗವಾಗಿ ಹೋಯಿತು. ತಾಯಿಯವರ ಹೆಸರು ಹೇಳಿರಿ ಎಂದರು. ಅಣ್ಣ ಕಾರ್ಡಿನಲ್ಲಿದ್ದ ಹೆಸರು ಹೇಳಿದ.

ಪಕ್ಕದ ಮಣೆಯ ಮೇಲೆ ಕೂತಿದ್ದ ಕಾಕು ತನ್ನ ಕೈಯನ್ನು ಅಣ್ಣನ ಅಂಗೈಯ ಮೇಲೆ ಅಡ್ಡ ಇಟ್ಟಳು.

"ಆ ಹೆಸರು ಇವರಪ್ಪ ಅಕ್ಕಿಯೊಳಗ ಬರದದ್ದು," ಎಂದು ಪುರೋಹಿತರಿಗೆ ಹೇಳಿದಳು. "ಅದು ಉಂಡು ಮುಗದದ. ಅದನ್ನ ತಗೊಂಡ್ರ ನಾ ಏಳ್ತೀನ್ರಿ."

ಅಣ್ಣ ಹಲ್ಲು ಕಚ್ಚಿಕೊಂಡು, ಆಯಿ, ಈಗ ಬ್ಯಾಡ ಎಂದ. ಪುರೋಹಿತರು ಗಡಿಯಾರ ನೋಡಿಕೊಂಡರು. ಹುಟ್ಟಿದ ಹೆಸರು ಹೇಳಿದರೂ ಶಾಸ್ತ್ರಕ್ಕೆ ಅಡ್ಡಿಯಿಲ್ಲ ಎಂದು ನಯವಾಗಿ ಹೇಳಿದರು. ಅದು ಅಕಿಗೇ ಗೊತ್ತಿಲ್ಲ ಎಂದ ಅಣ್ಣ, ಎಲ್ಲರಿಗೂ ಕೇಳಿಸುವ ಹಾಗೆ. ಅವನು ಅದನ್ನು ತಾಯಿಯ ಬಾಯಿ ಮುಚ್ಚಿಸಲು ಹೇಳಿದ. ಆದರೆ ಅವಳು ಅದನ್ನು ಆಗಲೇ ಒಪ್ಪಿಕೊಂಡಾಗಿತ್ತು.

"ಗೊತ್ತಿಲ್ಲದ್ದು ಬ್ಯಾಡ," ಎಂದಳು. "ನಿನಗ ಪ್ರೂಫ್ ಬೇಕಲ್ಲಾ. ಛಾಪಿಸಿದ್ದು ಹೇಳ್ತೀನಿ. ತಗೋರಿ ಗುರುಗಳs." ಮತ್ತು ಆ ಮೂರಕ್ಷರ ಹೇಳಿದಳು. ಸ್ಪಷ್ಟವಾಗಿ, ಉಪ್ಪು ಸರಿಯಾಗಿದೆ ಎನ್ನುವವಳ ಹಾಗೆ.

ಕಾಕುವನ್ನು ಬಿಟ್ಟರೆ ಆ ಇಡೀ ಸಭೆಯಲ್ಲಿ ಆ ಹೆಸರು ಯಾರದೆಂದು ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದವನು ಎನ್ನುವುದೂ ಸುಳ್ಳು. ಯಾರದೆಂದು ನನಗೂ ಗೊತ್ತಿರಲಿಲ್ಲ. ಪುರೋಹಿತರ ಮುಖದಲ್ಲಿ ಒಂದು ಗೆರೆ ಮೂಡಿ ಅಳಿಸಿಹೋಯಿತು. ಎಂಥೆಂಥ ಹೆಸರುಗಳನ್ನು ಕೇಳಿದವರು ಅವರು. ಈಚೆಗೆ ಹುಟ್ಟುವ ಮಕ್ಕಳ ಹೆಸರುಗಳನ್ನು ನೆನೆದರೆ ಇದೇನೂ ದೊಡ್ಡದಲ್ಲ. ಕಾಕುವಿನ ಗೋತ್ರ ಸೇರಿಸಿ ಆ ಹೆಸರನ್ನು ಸಂಸ್ಕೃತದೊಳಗೆ ಕೂರಿಸಿ, ಅನ್ನರಿ ಎಂದು ಅಣ್ಣನ ಕಡೆ ನೋಡಿದರು. ಅಣ್ಣನ ಅಂಗೈಯಿಂದ ನೀರು ಸೋರುತ್ತಿತ್ತು. ಎದುರಿಗೆ ಬ್ಯಾಂಕಿನ ಹಳೆಯ ಮೇಲಧಿಕಾರಿಗಳು, ಬೀಗರು, ಕಟ್ಟಡದ ಕಾರ್ಯದರ್ಶಿ. ಅವನು ಅಂದ. ಅದೇ ಹೊತ್ತಿಗೆ ವಿಮಾನ ಬಂತು.

ವಿಮಾನ ಹೋಗುವವರೆಗೆ ಕಾಕು ತನ್ನ ಕೈ ತೆಗೆಯಲಿಲ್ಲ. ಆಮೇಲೆ, "ಕೇಳಸಲಿಲ್ಲ," ಎಂದಳು. "ಇನ್ನೊಮ್ಮೆ ಅನ್ನು."

ಅವನು ಇನ್ನೊಮ್ಮೆ ಅಂದ.

ಹೀಗೆ, ಯಾವಳೋ ಒಬ್ಬ ಹೆಂಗಸು, ಯಾವನೋ ಒಬ್ಬ ಸಾಹೇಬನ ಹೆಂಡತಿಯೋ ತಂಗಿಯೋ ಅಥವಾ ಯಾರೂ ಅಲ್ಲವೋ, ವಿಮಾನ ನಗರದ ಕ್ಲಬ್ ಹೌಸಿನಲ್ಲಿ ಗೋತ್ರ ಸಮೇತ ದೀರ್ಘಾಯುಷ್ಯ ಪಡೆದಳು. ಅವಳ ಹೆಸರಿನಲ್ಲಿ ದೀಪ ಬೆಳಗಿದರು, ಬೆಲ್ಲ ತೂಗಿದರು. ಹೆಸರನ್ನು ಹಕ್ಕಿಯಿಂದ ಬಿಡಿಸುವುದು ಹೇಗೆಂದು ಆ ಅಧ್ಯಕ್ಷ ಸಭೆಯ ಮೇಲೆ ಸಭೆ ಕರೆಯುತ್ತಿದ್ದಾನೆ. ಕಾಕು ಯಾರನ್ನೂ ಕೇಳದೆ ಬಿಡಿಸಿಕೊಂಡಳು. ಇದರಿಂದ ಅವಳಿಗೆ ತನ್ನ ಹೆಸರು ಸಿಕ್ಕಿತು ಎಂದೇನೂ ನಾನು ಬರೆಯುವುದಿಲ್ಲ. ಸಿಗಲಿಲ್ಲ. ಕಾಕಾ ಕೊಟ್ಟದ್ದನ್ನು ಕಳಚಿಟ್ಟು, ಯಾರೂ ವಾರಸುದಾರರಿಲ್ಲದ ಒಂದನ್ನು ಹಾಕಿಕೊಂಡು ಆ ಒಂದು ದಿನ ಕೂತಿದ್ದಳು. ತೂಗಿದ ಬೆಲ್ಲವನ್ನು ಹಂಚುವಾಗ ಅವಳ ಮುಖದಲ್ಲಿ ತೃಪ್ತಿ ಇತ್ತೆಂದು ಬರೆಯುವ ಆಸೆಯಾಗುತ್ತದೆ. ನಾನು ಆಗ ಊಟದ ಸಾಲಿನಲ್ಲಿದ್ದೆ, ನೋಡಲಿಲ್ಲ.

ಅಣ್ಣ ಕೈ ತೊಳೆಯುವಲ್ಲಿ ನನ್ನನ್ನು ಹಿಡಿದ. ಯಾರದೋ ಅದು ಎಂದು ಕೇಳಿದ. ಒಂದು ಹಕ್ಕಿಯದು ಎಂದೆ. ನಾನು ಕುಚೋದ್ಯ ಮಾಡುತ್ತಿದ್ದೇನೆ ಎಂದುಕೊಂಡು ಮಾತು ಬಿಟ್ಟ. ಇನ್ನೂ ಬಿಟ್ಟೇ ಇದ್ದಾನೆ.

ಮಾಮಾ ಸಂಜೆಯ ಗಾಡಿಗೆ ಹೊರಟ. ಅಕ್ಕನ ಕಾಲಿಗೆ ಬಿದ್ದು, ಬರ್ತೀನಿ ಅಕ್ಕಾ ಎಂದ. ಅವಳು ಅವನ ಟೋಪಿ ಸರಿಮಾಡಿದಳು. ರಿಕ್ಷಾದವರೆಗೆ ಬಿಡಲು ನಾನು ಜೊತೆಗೆ ಹೋದೆ. ಹತ್ತಿ ಕೂತವನು ಬೆಲ್ಲದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ತಲೆ ಹೊರಗೆ ಹಾಕಿ ನನ್ನನ್ನು ಹತ್ತಿರ ಕರೆದ.

"ಹೌದು ನೋಡು," ಎಂದ, ಹಳಿ ತಪ್ಪಿದ ಗಾಡಿಗಳ ಬಗ್ಗೆ ಹೇಳುವಾಗಿನ ಅದೇ ಖಾತ್ರಿಯಲ್ಲಿ. "ಅದs ಇತ್ತು ಅಕ್ಕನ ಹೆಸರು. ಕೇಳಿದ ಕೂಡಲೆ ನೆನಪಾತು."